ಸೂಜಿ ಹಿಡಿದವರ ಹೆಸರು

ಬೈಬಲ್ ಅಧ್ಯಯನ
ಓದಿಕೊಳ್ಳಬೇಕಾದ ಭಾಗಗಳು: ವಿಮೋಚನಕಾಂಡ 35:20-35, ಪ್ರೇಷಿತರ ಕಾರ್ಯಕಲಾಪಗಳು 9:36-42



ಈ ತಿಂಗಳ ಪಾಠಕ್ಕೆ ಬೈಬಲಿನ ಜೊತೆಗೆ ಇನ್ನೊಂದು ವಸ್ತು ಬೇಕು. ಮನೆಯ ಟ್ರಂಕಿನಲ್ಲೋ ಗಂಟಿನಲ್ಲೋ ಕೈಹೊಲಿಗೆಯ ಹಳೆಯ ಬಟ್ಟೆ ಏನಾದರೂ ಉಳಿದಿದ್ದರೆ ತೆಗೆದು ಮುಂದಿಟ್ಟುಕೊಳ್ಳಿ. ಕಸೂತಿ ಹಾಕಿದ ಇಳಕಲ್ಲ ಸೀರೆ, ಕೂಸಿನ ಕುಂಚಿಗೆ, ಕುಬಸ, ಏನೂ ಇಲ್ಲದಿದ್ದರೆ ಒಂದು ಕೌದಿ ಸಾಕು. ಭಂಡಾರಕವಠೆಯಿಂದ ಅಕ್ಕಲಕೋಟದವರೆಗೆ ಕೌದಿ ಇಲ್ಲದ ಕನ್ನಡ ಮನೆ ಸಿಗುವುದು ಕಷ್ಟ. ಬಟ್ಟೆಯನ್ನು ತಿರುವಿ ಹಿಂಬದಿಯನ್ನೂ ನೋಡಿ. ಆಮೇಲೆ ಮನೆಯ ಹಿರಿಯರನ್ನು ಕೇಳಿ: ಇದನ್ನು ಹೊಲಿದವರು ಯಾರು?

‘ನಮ್ಮ ಅಜ್ಜಿ’ ಎಂಬ ಉತ್ತರ ಕೂಡಲೇ ಬರುತ್ತದೆ. ಯಾವ ಅಜ್ಜಿ, ಅವರ ತವರು ಯಾವುದು, ಹೆಸರೇನು ಎಂದು ಮುಂದುವರಿಸಿದರೆ ಬಹಳ ಮನೆಗಳಲ್ಲಿ ಮಾತು ನಿಲ್ಲುತ್ತದೆ. ಅಜ್ಜನ ಹೆಸರು ಹೊಲದ ಕಾಗದದಲ್ಲಿ ಇರುತ್ತದೆ. ಬಟ್ಟೆಯ ಮೇಲೆ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಈಗ ವಿಮೋಚನಕಾಂಡ ತೆರೆಯಿರಿ. ಮರುಭೂಮಿಯಲ್ಲಿ ದೇವದರ್ಶನದ ಗುಡಾರ ಕಟ್ಟಲು ಮೋಶೆ ಜನರಿಂದ ಕಾಣಿಕೆ ಕೇಳುತ್ತಾನೆ. ಚಿನ್ನ, ಬೆಳ್ಳಿ, ತಾಮ್ರ, ಮರ ಬರುತ್ತವೆ. 25 ಮತ್ತು 26ನೆಯ ವಚನಗಳಲ್ಲಿ ಹೆಂಗಸರು ಬರುತ್ತಾರೆ. ಜಾಣೆಯರಾದ ಸ್ತ್ರೀಯರು ತಮ್ಮ ಕೈಯಾರೆ ನೂತು ನೀಲಿ, ಊದಾ, ಕಡುಗೆಂಪು ನೂಲನ್ನೂ ನಾರಿನ ನಯವಾದ ನೂಲನ್ನೂ ತಂದರು; ಬೇರೆ ಕೆಲವರು ಮೇಕೆಯ ಕೂದಲನ್ನು ನೂತರು. ಇಷ್ಟು ಹೇಳಿ ಅಧ್ಯಾಯ ಮುಂದೆ ಸಾಗುತ್ತದೆ. ನಾಲ್ಕು ವಚನ ದಾಟಿದರೆ ಬೆಚಲೇಲನ ಹೆಸರಿದೆ, ಅವನ ತಂದೆಯ, ಅಜ್ಜನ, ಕುಲದ ಹೆಸರೂ ಇದೆ. ದಾನ್ ಕುಲದ ಒಹೊಲಿಯಾಬನ ಹೆಸರಿದೆ. ಕಸೂತಿ ಕೆಲಸದಲ್ಲಿ ಇವನು ನಿಪುಣನೆಂದು 38ನೆಯ ಅಧ್ಯಾಯ ಮತ್ತೆ ಹೇಳುತ್ತದೆ. ನೂಲು ತಂದ ಹೆಂಗಸರಲ್ಲಿ ಒಬ್ಬಳ ಹೆಸರೂ ಇಲ್ಲ. ಗುಡಾರದ ಪರದೆಗಳು ನಿಂತದ್ದು ಆ ನೂಲಿನಿಂದಲೇ.

ಪವಿತ್ರ ಗ್ರಂಥದಲ್ಲಿ ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ಹೆಸರಿಲ್ಲದಿದ್ದರೂ ಅವರ ಕೆಲಸ ದಾಖಲಾಗಿದೆ, ಆ ಜಾಣ್ಮೆಯನ್ನು ಹೃದಯದ ಜಾಣ್ಮೆ ಎಂದು ಕರೆಯಲಾಗಿದೆ. ಆದರೆ ಆ ಎರಡು ವಚನಗಳ ಬಳಿ ಸ್ವಲ್ಪ ನಿಲ್ಲೋಣ. ಅವರಂತೆಯೇ ಸೂಜಿದಾರ ಹಿಡಿದು ದೇವಾಲಯಗಳನ್ನೂ ಮನೆಗಳನ್ನೂ ಸಿಂಗರಿಸಿದ ಹೆಂಗಸರ ಬದುಕನ್ನು ನೋಡೋಣ.

ಮೊದಲು ನಮ್ಮ ಕಸೂತಿ

ಧಾರವಾಡ, ಹುಬ್ಬಳ್ಳಿ, ವಿಜಯಪುರ ಸೀಮೆಯ ಕಸೂತಿಯನ್ನು ಬಲ್ಲ ಅಕ್ಕತಂಗಿಯರಿಗೆ ನಾನು ಹೊಸದೇನನ್ನೂ ಹೇಳಬೇಕಿಲ್ಲ. ಎಳೆಯರಿಗಾಗಿ ಬರೆಯುತ್ತೇನೆ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ರೂಢಿ ಇರಲಿಲ್ಲ. ಹಾಸು ಹೊಕ್ಕುಗಳ ಎಳೆ ಎಣಿಸಿಯೇ ಹೊಲಿಯಬೇಕು. ಹೊಲಿಗೆಗಳು ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಂತಿಯೆಂದರೆ ಎರಡು ಎಳೆ ಅಡ್ಡಡ್ಡ ದಾಟುವ ಹೊಲಿಗೆ, ಬೇರೆ ಕಡೆ ಅದಕ್ಕೆ ಶಿಲುಬೆಯ ಹೊಲಿಗೆ ಎನ್ನುತ್ತಾರೆ. ನಮ್ಮವರಿಗೆ ಅದು ಮೆಂತ್ಯದ ಕಾಳಿನಂತೆ ಕಂಡಿತು. ಅಡುಗೆಮನೆಯ ಕಣ್ಣೇ ಹಾಗೆ.

ಗವಂತಿಯ ಹೆಸರು ಗಂಟಿನಿಂದ ಬಂದದ್ದು ಎನ್ನುತ್ತಾರೆ. ಆದರೆ ಅದರಲ್ಲಿ ಗಂಟು ಹಾಕುವಂತಿಲ್ಲ, ಅದೇ ಅದರ ಬಿಗಿ. ಸೂಜಿ ಒಂದು ಸಲ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದರಷ್ಟು ಜಾಗ ಬಿಡುತ್ತದೆ. ಕೊನೆ ಮುಟ್ಟಿ ಅದೇ ದಾರಿಯಲ್ಲಿ ಹಿಂತಿರುಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಮುಗಿದ ಮೇಲೆ ಮುಂಬದಿ ಹಿಂಬದಿ ಒಂದೇ ರೀತಿ ಕಾಣುತ್ತವೆ. ಮುರ್ಗಿಯೂ ಹೀಗೆಯೇ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎಲ್ಲಿ ಕವಲೊಡೆಯಬೇಕು, ಯಾವ ಕವಲನ್ನು ಮೊದಲು ಮುಗಿಸಿ ಬರಬೇಕು ಎಂಬ ಲೆಕ್ಕವೆಲ್ಲ ತಲೆಯಲ್ಲೇ ಇರಬೇಕು. ಒಂದು ಎಳೆ ತಪ್ಪಿದರೆ ಆಚೆ ತುದಿಯಲ್ಲಿ ಗೋಪುರದ ಕಳಸ ಕೂಡುವುದಿಲ್ಲ, ಬಿಚ್ಚಿ ಮತ್ತೆ ಹೊಲಿಯಬೇಕು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಈ ಗಣಿತ ಮಾಡಿದರು.

ಗೋಪುರ, ತೇರು, ಪಲ್ಲಕ್ಕಿ, ತುಳಸಿ ಕಟ್ಟೆ, ಆನೆ, ನವಿಲು, ಗಿಳಿ, ತೊಟ್ಟಿಲು, ಕಮಲ ಇವೆಲ್ಲ ಕಸೂತಿಯ ಚಿತ್ತಾರಗಳು. ಸೆರಗಿನ ಬಳಿ ದೊಡ್ಡವು, ದೂರ ಹೋದಂತೆ ಸಣ್ಣವು. ಮದುವೆಗೆಂದು ಕರಿಯ ಚಂದ್ರಕಾಳಿ ಸೀರೆಯ ಮೇಲೆ ಹೊಲಿಯುತ್ತಿದ್ದರು. ತಾಯಿ ಮಗಳಿಗೆ, ಅತ್ತೆ ಸೊಸೆಗೆ ಕಲಿಸಿದ ವಿದ್ಯೆ ಇದು. ಇವತ್ತು ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಅಂಗಡಿಗಳಲ್ಲಿ ಯಂತ್ರದ ನಕಲೂ ಇದೆ. ಯಂತ್ರದ್ದೋ ಕೈಯದ್ದೋ ಎಂದು ತಿಳಿಯಲು ಹಿಂಬದಿ ನೋಡಿದರೆ ಸಾಕು.

ಕಡಲಾಚೆ ಅದೇ ಹೊಲಿಗೆ

ಸುಮಾರು ಐದುನೂರು ವರ್ಷಗಳ ಹಿಂದೆ, ಯೂರೋಪಿನಲ್ಲಿ ಪುನರುಜ್ಜೀವನ ಎಂದು ಕರೆಯುವ ಕಾಲದಲ್ಲಿ, ಅಲ್ಲಿಯ ಹೆಂಗಸರೂ ನಮ್ಮ ಗವಂತಿಯನ್ನೇ ಹೊಲಿಯುತ್ತಿದ್ದರು. ಬಿಳಿಯ ನಾರುಬಟ್ಟೆಯ ಅಂಗಿಯ ಕೊರಳಪಟ್ಟಿಗೆ, ತೋಳಿನ ಅಂಚಿಗೆ ಕರಿಯ ರೇಷ್ಮೆ ದಾರದಿಂದ ಎಳೆ ಎಣಿಸಿ ಹೋಗಿ ಬರುವ ಹೊಲಿಗೆ. ಅಂಗಿಯ ತೋಳಂಚು ಮಡಚಿದಾಗ ಎರಡು ಬದಿಯೂ ಕಾಣುವುದರಿಂದ ಎರಡೂ ಒಂದೇ ಆಗಿರಬೇಕಿತ್ತು. ಇದಕ್ಕೆ ಈಗ ಹೋಲ್ಬೈನ್ ಹೊಲಿಗೆ ಎಂದು ಹೆಸರು. ಹಾನ್ಸ್ ಹೋಲ್ಬೈನ್ ಒಬ್ಬ ಚಿತ್ರಕಾರ, 1543ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡವನು. ಆತ ಬಿಡಿಸಿದ ಶ್ರೀಮಂತರ ಭಾವಚಿತ್ರಗಳಲ್ಲಿ ಅಂಗಿಗಳ ಕಸೂತಿ ಹೊಲಿಗೆ ಹೊಲಿಗೆಯಾಗಿ ಕಾಣುತ್ತದೆ. ಆತ ಸೂಜಿ ಹಿಡಿದವನಲ್ಲ. ಹೊಲಿದವರ ಹೆಸರು ಹೋಗಿ, ನೋಡಿ ಬರೆದವನ ಹೆಸರು ಹೊಲಿಗೆಗೆ ಉಳಿಯಿತು!

ನಮ್ಮಿಂದ ಅವರು ಕಲಿತರೋ ಅವರಿಂದ ನಾವೋ ಎಂದು ಜಗಳಾಡುವುದು ಬೇಡ. ಮಗ್ಗದ ಬಟ್ಟೆ ಎಲ್ಲಿದ್ದರೂ ಅದಕ್ಕೆ ಹಾಸು ಹೊಕ್ಕು ಇದ್ದೇ ಇರುತ್ತವೆ. ಎಳೆ ಎಣಿಸಿ ಹೊಲಿಯುವ ಕೈ ಇಂಥ ದಾರಿಯನ್ನು ತಾನೇ ಕಂಡುಕೊಳ್ಳಬಲ್ಲದು.

ಒಂದು ವ್ಯತ್ಯಾಸವುಂಟು. ನಮ್ಮ ಚಿತ್ತಾರ ಬಾಯಿಂದ ಬಾಯಿಗೆ, ಸೆರಗಿನಿಂದ ಸೆರಗಿಗೆ ಹೋಯಿತು. ಅಲ್ಲಿ 1520ರ ದಶಕದಿಂದ ಚಿತ್ತಾರಗಳು ಅಚ್ಚಾದವು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಶೋನ್ಸ್‌ಪೆರ್ಗರ್ ಎಂಬ ಮುದ್ರಕ ಮೊದಲ ಮಾದರಿ ಪುಸ್ತಕಗಳನ್ನು ಹೊರತಂದ. ಬೇಗನೆ ವೆನಿಸ್ ನಗರ ಈ ಪುಸ್ತಕಗಳ ದೊಡ್ಡ ಪೇಟೆಯಾಯಿತು. 1587ರಲ್ಲಿ ಪ್ಯಾರಿಸಿನಲ್ಲಿ ಫೆದೆರಿಕೊ ವಿಂಚೋಲೊ, 1591ರಲ್ಲಿ ವೆನಿಸ್ಸಿನಲ್ಲಿ ಚೇಸರೆ ವೆಚೆಲ್ಲಿಯೊ ತಂದ ಪುಸ್ತಕಗಳು ಮತ್ತೆ ಮತ್ತೆ ಅಚ್ಚಾದವು. ಹೆಂಗಸರು ಹಾಳೆಯನ್ನು ಬಟ್ಟೆಯ ಮೇಲಿಟ್ಟು, ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಮೇಲೆ ಇದ್ದಿಲ ಪುಡಿ ತಟ್ಟುತ್ತಿದ್ದರು. ತೂತಿನಿಂದ ಇಳಿದ ಪುಡಿ ಬಟ್ಟೆಯ ಮೇಲೆ ಚುಕ್ಕಿಯಾಗಿ ನಿಲ್ಲುತ್ತಿತ್ತು. ನಮ್ಮ ಹೆಣ್ಣುಮಕ್ಕಳು ತೂತಿನ ಡಬ್ಬಿಯಿಂದ ರಂಗೋಲಿ ಹಾಕುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹೀಗೆ ಚುಚ್ಚಿ ಚುಚ್ಚಿ ಪುಸ್ತಕಗಳು ಹರಿದುಹೋದವು. ಅದಕ್ಕೇ ಇಂದು ಉಳಿದ ಪ್ರತಿಗಳು ಕಡಿಮೆ.

ರೋಮ್ ನಗರದಲ್ಲಿದ್ದ ಇಸಬೆಲ್ಲಾ ಕತಾನೆಯಾ ಪರಸೋಲೆ ಎಂಬಾಕೆಯ ಹೆಸರನ್ನು ಇಲ್ಲಿ ಹೇಳಲೇಬೇಕು. ಗಂಡಸರೇ ಮುದ್ರಿಸುತ್ತಿದ್ದ ಈ ಪುಸ್ತಕಗಳ ನಡುವೆ ತಾನೇ ಚಿತ್ತಾರ ರಚಿಸಿ, ತನ್ನ ಹೆಸರು ಹಾಕಿ 1595ರಲ್ಲಿ, 1597ರಲ್ಲಿ, ಮತ್ತೆ 1616ರಲ್ಲಿ ಪುಸ್ತಕ ತಂದ ಹೆಂಗಸು ಈಕೆ.

ಈ ಪುಸ್ತಕಗಳ ಶೀರ್ಷಿಕೆಗಳಲ್ಲಿ ‘ಕುಲೀನ’, ‘ಗುಣವತಿಯರಾದ ಸ್ತ್ರೀಯರು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಜ್ಞಾನೋಕ್ತಿಗಳ 31ನೆಯ ಅಧ್ಯಾಯದ ಗುಣವತಿಯಾದ ಪತ್ನಿ ನೆನಪಾಗಬಹುದು. ಅವಳೂ ಉಣ್ಣೆ, ನಾರು ಹುಡುಕಿ ಕೈಯಾರೆ ದುಡಿಯುವವಳೇ. ಆದರೆ ಅವಳು ತಾನು ನೇಯ್ದದ್ದನ್ನು ತಾನೇ ಮಾರುತ್ತಾಳೆ, ಹೊಲವನ್ನು ನೋಡಿ ಕೊಳ್ಳುತ್ತಾಳೆ. ಅವಳ ಕೈಯ ಫಲ ಅವಳಿಗೇ ಸಲ್ಲಲಿ ಎಂದು ಅಧ್ಯಾಯ ಮುಗಿಯುತ್ತದೆ. ವೆನಿಸ್ಸಿನಲ್ಲಿ ಹಾಗಿರಲಿಲ್ಲ. ಕುಲೀನ ಸ್ತ್ರೀಯರು ಬಿಡುವಿನಲ್ಲಿ ಹೊಲಿದದ್ದು ನಿಜ. ಮಾರಾಟಕ್ಕೆ ಬಂದ ಕೆಲಸದ ಬಹುಪಾಲು ಮಾಡಿದವರು ಆಶ್ರಮಗಳ ಬಡ ಹುಡುಗಿಯರು, ಕನ್ಯಾಮಠದ ಭಗಿನಿಯರು, ತುಂಡಿನ ಲೆಕ್ಕದಲ್ಲಿ ಕೂಲಿ ಪಡೆದ ಹೆಂಗಸರು. ವರ್ತಕ ದಾರ ಕೊಡುತ್ತಿದ್ದ, ಮುಗಿದದ್ದನ್ನು ಒಯ್ಯುತ್ತಿದ್ದ. ಎಲೆ ತಂಬಾಕು ತೂಗಿ ತಂದು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟಿಕೊಡುವ ಸೊಲ್ಲಾಪುರದ ಅಕ್ಕಂದಿರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಠದ ಗೋಡೆಯೊಳಗೆ

ನಮ್ಮ ಧರ್ಮಸಭೆಯ ಕಥೆ ಇಲ್ಲಿ ಸೇರುತ್ತದೆ, ಇದನ್ನು ಮುಚ್ಚಿಡದೆ ಓದಬೇಕು.

ಫ್ಲಾರೆನ್ಸ್ ನಗರದಲ್ಲಿ ಲೆ ಮುರಾತೆ ಎಂಬ ಕನ್ಯಾಮಠವಿತ್ತು. ಆ ಹೆಸರಿನ ಅರ್ಥ ‘ಗೋಡೆಯೊಳಗಿನವರು’. ಅಲ್ಲಿಯ ಭಗಿನಿಯರು ಚಿನ್ನದೆಳೆಯ ಕೆಲಸಕ್ಕೂ ಕಸೂತಿಗೂ ಹೆಸರಾಗಿದ್ದರು. ಮುಂದೆ ಫ್ರಾನ್ಸಿನ ರಾಣಿಯಾದ ಕತೆರೀನಾ ದೆ ಮೆದಿಚಿ 1527ರಿಂದ 1530ರವರೆಗೆ, ಇನ್ನೂ ಸಣ್ಣ ಹುಡುಗಿ, ಅಲ್ಲಿಯೇ ಇದ್ದಳು. ಇಂಥ ಎಷ್ಟೋ ಮಠಗಳಿಂದ ಗುರುಗಳ ಪೂಜಾವಸ್ತ್ರಗಳು, ಬಲಿಪೀಠದ ಹೊದಿಕೆಗಳು ಬಂದವು. ಅವರಲ್ಲಿ ದೇವರ ಕರೆಗೆ ಓಗೊಟ್ಟು ಸಂತೋಷದಿಂದ ಬಂದವರು ಇದ್ದರು, ಅವರ ಸೂಜಿ ನಿಜಕ್ಕೂ ಪ್ರಾರ್ಥನೆಯೇ ಆಗಿತ್ತು. ಆದರೆ ಎಲ್ಲರೂ ಹಾಗೆ ಬಂದವರಲ್ಲ.

ಆ ಕಾಲದ ಇಟಲಿಯಲ್ಲಿ ವರದಕ್ಷಿಣೆ ಏರುತ್ತಲೇ ಹೋಯಿತು. ಒಬ್ಬ ಮಗಳ ಮದುವೆಗೆ ಮನೆಯ ಸಂಪತ್ತು ಕರಗುತ್ತಿತ್ತು. ಮಠಕ್ಕೆ ಸೇರಿಸುವಾಗಲೂ ಹಣ ಕೊಡಬೇಕಿತ್ತು, ಅದು ಮದುವೆಯ ವರದಕ್ಷಿಣೆಗಿಂತ ಬಹಳ ಕಡಿಮೆ. ಹಾಗಾಗಿ ಒಬ್ಬಳಿಗೆ ಮದುವೆ, ಉಳಿದವರಿಗೆ ಮಠ ಎಂಬ ಲೆಕ್ಕ ಬಂತು. 16ನೆಯ ಶತಮಾನದ ಕೊನೆಯ ಹೊತ್ತಿಗೆ ವೆನಿಸ್ಸಿನ ಕುಲೀನ ಮನೆತನಗಳ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಠಗಳಲ್ಲಿದ್ದರು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅಷ್ಟು ಜನರಿಗೂ ದೈವಕರೆ ಇತ್ತೆಂದು ನಂಬುವುದು ಕಷ್ಟ.

ಧರ್ಮಸಭೆ ಇದನ್ನು ಒಪ್ಪಿರಲಿಲ್ಲ. ಟ್ರೆಂಟ್ ಮಹಾಸಭೆ 1563ರ ತನ್ನ ಕೊನೆಯ ಅಧಿವೇಶನದಲ್ಲಿ ಸ್ಪಷ್ಟವಾಗಿ ವಿಧಿಸಿತು: ಹದಿನಾರು ತುಂಬುವ ಮೊದಲು ವ್ರತ ಕೊಡಬಾರದು, ಹುಡುಗಿ ಮನಸಾರೆ ಬರುತ್ತಿದ್ದಾಳೋ ಯಾರಾದರೂ ಒತ್ತಾಯಿಸಿದ್ದಾರೋ ಎಂದು ಬಿಷಪರು ಅಥವಾ ಅವರು ನೇಮಿಸಿದವರು ಅವಳನ್ನೇ ವಿಚಾರಿಸಬೇಕು, ಬಲವಂತ ಮಾಡಿದವರು ಯಾರೇ ಆಗಲಿ, ಬಹಿಷ್ಕಾರಕ್ಕೆ ಗುರಿಯಾಗುತ್ತಾರೆ. ಇದಕ್ಕಿಂತ ಗಟ್ಟಿಯಾದ ಮಾತು ಇಲ್ಲ. ಮನೆಯವರು ಏನು ಮಾಡಿದರು? ಬಿಷಪರ ಮುಂದೆ ‘ನನಗೆ ಇಷ್ಟವಿದೆ’ ಎಂದು ಹೇಳುವಂತೆ ಹುಡುಗಿಗೆ ಮನೆಯಲ್ಲೇ ಕಲಿಸಿಕೊಟ್ಟರು. ನಮ್ಮ ದೇಶದಲ್ಲಿ 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂತು. ಹುಂಡಾ ಎಂಬ ಮಾತನ್ನು ಬಿಟ್ಟು ಅದನ್ನೇ ಉಡುಗೊರೆ ಎಂದು ಕರೆಯುವ ಮನೆಗಳು ನಮ್ಮ ನಡುವೆ ಎಷ್ಟಿವೆ ಎಂದು ನಾನು ಎಣಿಸಲು ಹೋಗುವುದಿಲ್ಲ. ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ನೀವೇ ಮಾತಾಡಿಕೊಳ್ಳಿ.

ಹಾಗೆ ಮಠ ಸೇರಿದ ಒಬ್ಬಳ ಮಾತು ನಮಗೆ ಉಳಿದಿದೆ. ವೆನಿಸ್ಸಿನಲ್ಲಿ 1604ರಲ್ಲಿ ಹುಟ್ಟಿದ ಎಲೆನಾ ಕಸಾಂದ್ರಾ ತರಬೊತ್ತಿ ಮನೆಯ ಹೆಣ್ಣುಮಕ್ಕಳಲ್ಲಿ ಹಿರಿಯಳು. ತಂದೆಯಂತೆ ಇವಳಿಗೂ ಕಾಲು ಕುಂಟು. ಮದುವೆಯ ಪೇಟೆಯಲ್ಲಿ ನಡೆಯದ ಮಗಳು ಎಂದು ಮನೆಯವರು ಎಳವೆಯಲ್ಲೇ ಸಂತ ಅನ್ನಮ್ಮನವರ ಮಠಕ್ಕೆ ಸೇರಿಸಿದರು. ಅಲ್ಲಿ ಅವಳು ಭಗಿನಿ ಅರ್ಕಾಂಜೆಲಾ ಆದಳು. ತಾನೇ ಓದಿ ಕಲಿತು, ಹೆಣ್ಣುಮಕ್ಕಳನ್ನು ಬಲವಂತದಿಂದ ಮಠಕ್ಕೆ ತಳ್ಳುವ ತಂದೆಯರ ವಿರುದ್ಧ ಒಂದು ಪುಸ್ತಕವನ್ನೇ ಬರೆದಳು. ಮಠದ ಜೀವನವನ್ನು ಸ್ವರ್ಗವೆಂದು ಹೊಗಳಿ ಬರೆದವಳೂ ಅವಳೇ. ಮನಸಾರೆ ಬಂದವರಿಗೆ ಅದು ಸ್ವರ್ಗ ಎಂಬುದು ಅವಳ ವಾದ. 1650ರಲ್ಲಿ ಅಚ್ಚಾದ ಅವಳ ಪತ್ರಗಳಲ್ಲಿ ಕಸೂತಿಯ ಲೋಕವೂ ಕಾಣುತ್ತದೆ. ಮಠದ ಭಗಿನಿಯರು ಮಾಡಿದ ದಾರದ ಜಾಲರಿ ಕೆಲಸವನ್ನು ಹೊರಗಿನ ದೊಡ್ಡ ಮನೆತನದ ಹೆಂಗಸರಿಗೆ ಮುಟ್ಟಿಸುವ, ತಡವಾದರೆ ಸಮಾಧಾನ ಹೇಳುವ ವ್ಯವಹಾರ ಅವಳ ಕೈಯಲ್ಲಿತ್ತು. 1652ರಲ್ಲಿ ಅವಳು ಅದೇ ಮಠದಲ್ಲಿ ತೀರಿಕೊಂಡಳು. ತಂದೆಯರ ವಿರುದ್ಧದ ಪುಸ್ತಕ ಎರಡು ವರ್ಷದ ಮೇಲೆ ಅಚ್ಚಾಯಿತು, 1660ರಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿತು. ಟ್ರೆಂಟ್ ಮಹಾಸಭೆ ಹೇಳಿದ್ದನ್ನೇ ಅವಳೂ ಹೇಳಿದ್ದಳಲ್ಲ ಎಂದು ಓದುವಾಗ ನನಗೆ ನೋವಾಯಿತು.

ಸೆರೆಯಲ್ಲಿದ್ದ ರಾಣಿಯರು

ರಾಣಿಯಾದರೆ ಬೇರೆ ಬದುಕು ಎಂದುಕೊಳ್ಳಬೇಡಿ. ಸ್ಪೇನಿನ ರಾಜಕುಮಾರಿ ಕ್ಯಾಥರೀನ್ 1501ರಲ್ಲಿ ಇಂಗ್ಲೆಂಡಿಗೆ ಸೊಸೆಯಾಗಿ ಬಂದಳು. ಬಿಳಿ ಬಟ್ಟೆಯ ಮೇಲಿನ ಕರಿ ಕಸೂತಿಯನ್ನು ಆ ದೇಶದಲ್ಲಿ ಸ್ಪೇನಿನ ಕೆಲಸವೆಂದೇ ಕರೆದರು. ಅವಳಿಂದ ಅದು ಹರಡಿತೆಂದು ಹೇಳಿಕೆ. ಅರಸ ಎಂಟನೆಯ ಹೆನ್ರಿ ಅವಳನ್ನು ಬಿಟ್ಟು ಆನ್ ಬೊಲಿನ್‌ಳನ್ನು ಮದುವೆಯಾಗಲು ಹೊರಟಿದ್ದ ವರ್ಷಗಳಲ್ಲೂ ಅವನ ಅಂಗಿಗಳನ್ನು ಹೊಲಿಸಿಕೊಡುತ್ತಿದ್ದವಳು ಕ್ಯಾಥರೀನಳೇ. ಇದು ತಿಳಿದು ಆನ್ ರೇಗಾಡಿದಳೆಂದು ಆಗಿನ ರಾಯಭಾರಿಗಳ ಕಾಗದದಲ್ಲಿದೆ. ಅಂಗಿ ಹೊಲಿಯುವುದು ಹೆಂಡತಿಯ ಹಕ್ಕು. ಆ ಹಕ್ಕನ್ನು ಬಿಟ್ಟುಕೊಡಲು ಕ್ಯಾಥರೀನ್ ಒಪ್ಪಲಿಲ್ಲ. ತನ್ನ ಮದುವೆ ಸಂಸ್ಕಾರ ಎಂಬ ಮಾತನ್ನು 1536ರಲ್ಲಿ ಸಾಯುವವರೆಗೂ ಅವಳು ಬಿಡಲಿಲ್ಲ.

ಸ್ಕಾಟ್ಲೆಂಡಿನ ರಾಣಿ ಮೇರಿ 1568ರಲ್ಲಿ ಇಂಗ್ಲೆಂಡಿಗೆ ಓಡಿಬಂದವಳು ಅಲ್ಲಿ ಸೆರೆಯಾಗಿ ಸುಮಾರು ಹತ್ತೊಂಬತ್ತು ವರ್ಷ ಕಳೆದಳು. ಮರುವರ್ಷ ಅವಳನ್ನು ಕಂಡ ಅಧಿಕಾರಿಯೊಬ್ಬ, ಮಳೆಗಾಲದ ದಿನ ಹೊತ್ತು ಹೇಗೆ ಹೋಗುತ್ತದೆ ಎಂದು ಕೇಳಿದ. ದಿನವಿಡೀ ಸೂಜಿ ಹಿಡಿದಿರುತ್ತೇನೆ, ದಾರದ ಬಣ್ಣಗಳಿಂದ ಬೇಸರ ಕಡಿಮೆಯಾಗುತ್ತದೆ ಎಂಬ ಅರ್ಥದ ಉತ್ತರ ಕೊಟ್ಟಳಂತೆ. ಗೆಸ್ನರ್ ಎಂಬ ಪಂಡಿತನ ಪ್ರಾಣಿಶಾಸ್ತ್ರದ ಪುಸ್ತಕದ ಚಿತ್ರಗಳನ್ನು ನೋಡಿ ಹಕ್ಕಿ, ಮೀನುಗಳನ್ನು ಹೊಲಿದಳು. ಒಂದು ತುಂಡಿನಲ್ಲಿ ಸ್ವರ್ಗದಿಂದ ಇಳಿದ ಕೈಯೊಂದು ದ್ರಾಕ್ಷಿಬಳ್ಳಿಯನ್ನು ಕತ್ತರಿಸುತ್ತಿದೆ. ಗಾಯದಿಂದಲೇ ಗುಣ ಚಿಗುರುತ್ತದೆ ಎಂಬರ್ಥದ ಲ್ಯಾಟಿನ್ ಮಾತು ಜೊತೆಗಿದೆ. ನಮಗೆ ಯೊವಾನ್ನನ ಶುಭಸಂದೇಶದ 15ನೆಯ ಅಧ್ಯಾಯ ಕಾಣುತ್ತದೆ. ಆಗಿನ ಅಧಿಕಾರಿಗಳಿಗೆ ರಾಜದ್ರೋಹ ಕಂಡಿತು. ಆ ತುಂಡನ್ನು ನಾರ್ಫೋಕ್ ಪ್ರಭುವಿಗೆ ಕಳುಹಿಸಿದ್ದಳು. 1572ರಲ್ಲಿ ಅವನ ವಿಚಾರಣೆ ನಡೆದಾಗ ಅದರ ಮಾತೂ ಬಂತು. ಅವನ ತಲೆ ಹೋಯಿತು. 1587ರಲ್ಲಿ ಮೇರಿಯ ತಲೆಯೂ ಹೋಯಿತು. ಅವಳ ಕಸೂತಿಗಳು ಇಂಗ್ಲೆಂಡಿನ ಆಕ್ಸ್‌ಬರ್ಗ್ ಹಾಲ್‌ನಲ್ಲಿ ಉಳಿದಿವೆ.

ಇಬ್ಬರು ಸಂತರು

ಕಸೂತಿ ಮಾಡುವವರು ತಮ್ಮ ಪಾಲಕಿ ಎಂದು ಬೇಡಿಕೊಳ್ಳುವ ಸಂತ ಲೀಮಾದ ರೋಸಮ್ಮ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 1586ರಲ್ಲಿ ಹುಟ್ಟಿದರು, ಅಂದರೆ ವೆನಿಸ್ಸಿನ ಆ ಪುಸ್ತಕಗಳು ಅಚ್ಚಾಗುತ್ತಿದ್ದ ಕಾಲ. ತಂದೆಯ ಸಂಪಾದನೆ ಬಿದ್ದುಹೋದಾಗ ಮನೆ ನಡೆದದ್ದು ರೋಸಮ್ಮನ ಸೂಜಿಯಿಂದ ಮತ್ತು ಅವರು ಬೆಳೆದ ಹೂವಿನಿಂದ. ಅವರ ಉಪವಾಸ, ತಪಸ್ಸುಗಳ ಬಗ್ಗೆ ನಾವು ಬಹಳ ಕೇಳಿದ್ದೇವೆ. ದಿನಕ್ಕೆ ಎಷ್ಟು ಗಂಟೆ ಕಸೂತಿ ಮಾಡಿ ಸಂಸಾರಕ್ಕೆ ಹಿಟ್ಟು ತಂದರು ಎಂಬುದನ್ನು ಪ್ರವಚನಗಳಲ್ಲಿ ಕಡಿಮೆ ಕೇಳುತ್ತೇವೆ. ಮದುವೆಯ ಒತ್ತಾಯವನ್ನು ಒಪ್ಪದೆ, ಸಂತ ದೋಮಿನಿಕರ ಮೂರನೆಯ ಸಭೆ ಸೇರಿ, ತಂದೆಯ ಮನೆಯಲ್ಲೇ ಇದ್ದು ದುಡಿದರು. 1617ರಲ್ಲಿ ಮೂವತ್ತೊಂದರ ಪ್ರಾಯಕ್ಕೆ ತೀರಿಕೊಂಡರು. 1671ರಲ್ಲಿ ಸಂತ ಪದವಿ ಬಂತು, ಅಮೆರಿಕ ಖಂಡಗಳಲ್ಲಿ ಹುಟ್ಟಿ ಆ ಪದವಿ ಪಡೆದವರಲ್ಲಿ ಮೊದಲಿಗರು. ಹಬ್ಬ ಆಗಸ್ಟ್ 23.

ಅವರಿಗಿಂತ ಮೂರು ಶತಮಾನಕ್ಕೂ ಹಿಂದಿನ ಅಸ್ಸೀಸಿಯ ಸಂತ ಕ್ಲಾರಮ್ಮ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಬೆನ್ನಿಗೆ ಆಸರೆ ಕೊಡಿಸಿಕೊಂಡು ಕೂತು ನಾರು ನೂಲುತ್ತಿದ್ದರು. ಬಲಿಪೂಜೆಯಲ್ಲಿ ಪಾನಪಾತ್ರೆ, ಅಪ್ಪದ ತಟ್ಟೆಗಳ ಕೆಳಗೆ ಹಾಸುವ ಚೌಕ ಬಿಳಿಬಟ್ಟೆಗಳನ್ನು ಆ ನೂಲಿನಿಂದ ಮಾಡಿಸಿ, ಸುತ್ತಲಿನ ಬಡ ಚರ್ಚುಗಳಿಗೆ ಕಳುಹಿಸಿದರು. ಅವರ ಸಂತ ಪದವಿಯ ವಿಚಾರಣೆಯಲ್ಲಿ ಜೊತೆಯ ಭಗಿನಿಯರು ಇದನ್ನು ಸಾಕ್ಷಿ ಹೇಳಿದ್ದಾರೆ. ಹಾಗೆ ಹೇಳಿದ್ದರಿಂದ ನಮಗೆ ತಿಳಿಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ತಬಿಥಾಳ ಬಳಿ ಹೋದಾಗ ಬೇಕಾಗುತ್ತದೆ.

ನಮ್ಮ ನೆಲಕ್ಕೆ ಬಂದದ್ದು

ಯೂರೋಪಿನ ಚಿತ್ತಾರಗಳು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ದೇಶಕ್ಕೂ ಬಂದವು. 16, 17ನೆಯ ಶತಮಾನಗಳಲ್ಲಿ ಬಂಗಾಳದ ಸಾತಗಾಂವ್ ಕಡೆಯ ಕಸೂತಿಗಾರರು ಹತ್ತಿಯ ಬಟ್ಟೆಯ ಮೇಲೆ ಟಸರ್ ರೇಷ್ಮೆಯಿಂದ ದೊಡ್ಡ ಹೊದಿಕೆಗಳನ್ನು ಹೊಲಿದು ಪೋರ್ಚುಗಲ್ಲಿಗೆ ಕಳುಹಿಸುತ್ತಿದ್ದರು. ಸೊಲೊಮೋನ ಅರಸನ ತೀರ್ಪು, ತನ್ನ ರಕ್ತದಿಂದ ಮರಿಗಳನ್ನು ಸಾಕುವ ಪೆಲಿಕನ್ ಹಕ್ಕಿ ಇವೆಲ್ಲ ಅದರಲ್ಲಿವೆ. ಬೈಬಲಿನ ಕಥೆ ಕೇಳದ ಕೈಗಳು ಅದನ್ನು ಹೊಲಿದಿರಲೂಬಹುದು. ಹಳೇ ಗೋವೆಗೆ ಯಾತ್ರೆ ಹೋಗುವವರು ಸಂತ ಫ್ರಾನ್ಸಿಸ್ ಜೇವಿಯರರ ದರ್ಶನ ಮುಗಿಸಿ ಸಾಂತಾ ಮೋನಿಕಾ ಮಠದ ಕಡೆಗೂ ಕಾಲು ಹಾಕಿ. 1606ರಲ್ಲಿ ಆರಂಭವಾದ ಆ ಕನ್ಯಾಮಠದ ಕಟ್ಟಡದಲ್ಲಿ ಈಗ ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯವಿದೆ, ಹಳೆಯ ಪೂಜಾವಸ್ತ್ರಗಳನ್ನು ಹತ್ತಿರದಿಂದ ನೋಡಬಹುದು.

ಇನ್ನೂ ಹತ್ತಿರದ ಮಾತೊಂದಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಸೀಮೆಯಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು, ಅವರಲ್ಲಿ ಹಿಂದೂಗಳು, ಮುಸ್ಲಿಮರು, ನಮ್ಮಂತೆ ಕಥೋಲಿಕರೂ ಇದ್ದಾರೆ. ಅವರ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಕೂಡಿಸಿ ಕವಂದಿ ಹೊಲಿಯುತ್ತಾರೆ. ನಮ್ಮ ಕೌದಿಯ ಅಕ್ಕ ಎನ್ನಿ. ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕಥೋಲಿಕ ಹೆಂಗಸರು ಕೆಲವೊಮ್ಮೆ ಬಣ್ಣದ ತುಂಡಿನಿಂದ ಶಿಲುಬೆ ಕೂಡಿಸುತ್ತಾರೆ, ಮುಸ್ಲಿಂ ಹೆಂಗಸರು ಚಂದ್ರಕಲೆ. ಎಲ್ಲರೂ ನಾಲ್ಕು ಮೂಲೆಗಳಿಗೆ ಬಟ್ಟೆಯ ತ್ರಿಕೋನ ಮಡಚಿ ಹೂವು ಇಡುತ್ತಾರೆ. ಆ ಹೂವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಭಾವನೆ. ಚಳಿಗೆ ಹೊದೆಯುವ ಚಿಂದಿಬಟ್ಟೆಗೆ ಹೂವಿನ ಅಗತ್ಯವಿರಲಿಲ್ಲ, ಆದರೂ ಇಡುತ್ತಾರೆ.

ಕೌದಿಯ ಮಾತು ಬಂದಾಗ ಯೇಸುಸ್ವಾಮಿಯ ಮಾತೊಂದು ನೆನಪಾಗುತ್ತದೆ. ತೊಯ್ಯಿಸದ ಹೊಸ ಬಟ್ಟೆಯ ತೇಪೆಯನ್ನು ಹಳೆಯ ಬಟ್ಟೆಗೆ ಯಾರೂ ಹಚ್ಚುವುದಿಲ್ಲ ಎನ್ನುತ್ತಾರೆ (ಮಾರ್ಕ 2:21). ಕೌದಿ ಹೊಲಿಯುವ ಯಾವ ಹೆಂಗಸಿಗೂ ಇದು ಗೊತ್ತು: ಹೊಸ ತುಂಡು ಒಗೆದಾಗ ಕುಗ್ಗಿ ಹಳೆಯದನ್ನು ಹರಿಯುತ್ತದೆ. ಬಡಗಿಯ ಮಗನಿಗೆ ಇದು ಹೇಗೆ ಗೊತ್ತಾಯಿತು? ನಜರೇತಿನ ಮನೆಯಲ್ಲಿ ಮಾತೆ ಮರಿಯಮ್ಮನವರು ತೇಪೆ ಹಚ್ಚುವುದನ್ನು ನೋಡಿಯೇ ಇರಬೇಕು ಎಂದು ನನ್ನ ನಂಬಿಕೆ.

ಯೊಪ್ಪದ ವಿಧವೆಯರು

ಈಗ ಪ್ರೇಷಿತರ ಕಾರ್ಯಕಲಾಪ 9:36ಕ್ಕೆ ಬನ್ನಿ. ಯೊಪ್ಪ ಎಂಬ ಬಂದರು ಊರಲ್ಲಿ ತಬಿಥಾ ಎಂಬ ಶಿಷ್ಯೆ ಇದ್ದಳು. ಲೂಕನು ಅವಳ ಹೆಸರನ್ನು ಎರಡು ಭಾಷೆಯಲ್ಲಿ ಕೊಡುತ್ತಾನೆ: ಅರಮಾಯ ಭಾಷೆಯಲ್ಲಿ ತಬಿಥಾ, ಗ್ರೀಕಿನಲ್ಲಿ ದೊರ್ಕ, ಎರಡಕ್ಕೂ ಜಿಂಕೆ ಎಂದೇ ಅರ್ಥ. ಒಂದು ಪೂಜೆ ಮರಾಠಿಯಲ್ಲಿ, ಒಂದು ಕನ್ನಡದಲ್ಲಿ ನಡೆಯುವ, ಪಕ್ಕದ ಮನೆಯಲ್ಲಿ ತೆಲುಗು ಕೇಳುವ ನಮಗೆ ಎರಡು ಹೆಸರಿನ ಹೆಂಗಸು ಹೊಸಬಳಲ್ಲ. ಶಾಲೆಯ ದಾಖಲೆಯಲ್ಲಿ ಒಂದು, ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು, ಕರೆಯುವುದು ಮತ್ತೊಂದು.

ಅವಳು ಸತ್ತಳು. ಮೇಲಿನ ಕೋಣೆಯಲ್ಲಿ ಮಲಗಿಸಿದರು. ಪೇತ್ರನು ಬಂದಾಗ ವಿಧವೆಯರೆಲ್ಲ ಅವನ ಸುತ್ತ ನಿಂತು ಅತ್ತರು. ಅಳುತ್ತಲೇ, ಅವಳು ತಮ್ಮ ಜೊತೆಗಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಮೇಲುಡುಪುಗಳನ್ನೂ ಅವನಿಗೆ ತೋರಿಸಿದರು. ಪೇತ್ರನು ಎಲ್ಲರನ್ನೂ ಹೊರಗೆ ಕಳುಹಿಸಿ, ಮೊಣಕಾಲೂರಿ ಪ್ರಾರ್ಥಿಸಿ, ಅವಳನ್ನು ಹೆಸರು ಹಿಡಿದು ಕರೆದ. ಅವಳು ಕಣ್ಣು ತೆರೆದಳು.

ಮರುಭೂಮಿಯ ಹೆಂಗಸರ ಹೆಸರು ಉಳಿಯಲಿಲ್ಲ, ತಬಿಥಾಳದ್ದು ಉಳಿಯಿತು. ಅವಳು ಅರಸನ ಮಗಳಲ್ಲ, ಪುಸ್ತಕ ಬರೆದವಳಲ್ಲ. ಅವಳ ಕೈಬಟ್ಟೆ ತೊಟ್ಟವರು ಅದನ್ನು ಎತ್ತಿ ಹಿಡಿದು, ಇದು ಅವಳು ಹೊಲಿದದ್ದು ಎಂದು ಹೇಳಿದರು. ಗಂಡಂದಿರನ್ನು ಕಳೆದುಕೊಂಡ, ಕೇಳುವವರಿಲ್ಲದ ಆ ಹೆಂಗಸರೇ ಅವಳಿಗೆ ಸಾಕ್ಷಿ. ಬದುಕಿ ಎದ್ದ ಮೇಲೆ ಪೇತ್ರನು ಅವಳನ್ನು ಒಪ್ಪಿಸುವಾಗಲೂ ಆ ವಿಧವೆಯರನ್ನು ಬೇರೆಯಾಗಿ ಕರೆದ ಎಂದು 41ನೆಯ ವಚನ ಹೇಳುತ್ತದೆ.

ಕೂಟದಲ್ಲಿ ಮಾತಾಡಲು

ನಿಮ್ಮ ಮನೆಯಿಂದ ತಂದ ಬಟ್ಟೆಯನ್ನು ಕೂಟದಲ್ಲಿ ತೋರಿಸಿ. ಹೊಲಿದವರ ಹೆಸರು, ತವರು, ಯಾವ ಸಂದರ್ಭಕ್ಕೆ ಹೊಲಿದರು ಎಂಬುದು ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದಿದ್ದರೆ ಮನೆಯಲ್ಲಿ ಯಾರನ್ನು ಕೇಳಬಹುದು?

ನಮ್ಮ ಮನೆಯ ಹೆಣ್ಣುಮಕ್ಕಳ ಮದುವೆ, ಓದು, ಅಥವಾ ಸನ್ಯಾಸದ ವಿಷಯದಲ್ಲಿ ‘ನಿನಗೆ ಇಷ್ಟವೇ?’ ಎಂದು ನಿಜವಾಗಿ ಕೇಳುತ್ತೇವೆಯೇ, ಅಥವಾ ಉತ್ತರವನ್ನೂ ನಾವೇ ಕಲಿಸಿಕೊಡುತ್ತೇವೆಯೇ? ಈ ಪ್ರಶ್ನೆಗೆ ಮೊದಲು ಹುಡುಗಿಯರು ಮಾತಾಡಲಿ, ತಂದೆತಾಯಿಗಳು ಆಮೇಲೆ.

ಚರ್ಚಿನಲ್ಲಿ ಪೂಜಾವಸ್ತ್ರ ಇಡುವ ಕಪಾಟಿನಲ್ಲಿ ಕೈಹೊಲಿಗೆಯ ಬಲಿಪೀಠದ ಹೊದಿಕೆಗಳಿದ್ದರೆ, ಗುರುಗಳ ಅನುಮತಿ ಪಡೆದು ಅವುಗಳನ್ನು ಹೊರತೆಗೆದು ಹಿರಿಯ ತಾಯಂದಿರಿಗೆ ತೋರಿಸಬಹುದು. ಹೊಲಿದವರು ಯಾರೆಂದು ಗುರುತು ಹತ್ತಿದರೆ, ಹೆಸರನ್ನೂ ವರ್ಷವನ್ನೂ ಸಣ್ಣ ಬಿಳಿ ಪಟ್ಟಿಯ ಮೇಲೆ ದಾರದಿಂದ ಬರೆದು ಹೊದಿಕೆಯ ಹಿಂಬದಿಯ ಮೂಲೆಗೆ ಹೊಲಿಯಿರಿ. ಶಾಯಿ ಬೇಡ, ಒಗೆದಾಗ ಹರಡುತ್ತದೆ.